ನಾಯಿಯ ಮೂಗಿಗೆ ಲ್ಯಾವೆಂಡರ್ ಸಾಕು, ಮೈಗೆ ಬೇಡ

ದೀಪಾವಳಿ ಹತ್ತಿರ ಬಂದ ಹಾಗೆ, ಬೆಳಿಗ್ಗೆ ಪಾರ್ಕಿಗೆ ನಾಯಿ ಕರೆದುಕೊಂಡು ಬರುವವರ ನಡುವೆ ಒಂದೇ ಮಾತು. "ಪಟಾಕಿ ಹೊಡೆದರೆ ನಮ್ಮವನು ಮಂಚದ ಕೆಳಗೆ ಸೇರಿಬಿಡ್ತಾನೆ, ಲ್ಯಾವೆಂಡರ್ ಆಯಿಲ್ ಹಚ್ಚಿದರೆ ಸುಮ್ನಾಗ್ತಾನಂತೆ, ಹೌದಾ?" ಅಂತ ಒಬ್ಬರು ಕೇಳುತ್ತಾರೆ. ಕಿವಿಯ ಹಿಂದೆ ಎರಡು ಹನಿ ಹಾಕಿ ಅಂತ ಇನ್ನೊಬ್ಬರು. ಕುಡಿಯೋ ನೀರಿಗೇ ಒಂದು ಹನಿ ಬಿಡಿ ಅಂತ ಮತ್ತೊಬ್ಬರು. ಕೊನೆಗೆ ಯಾರಾದರೂ "ಗಿಡದಿಂದ ಬಂದಿದ್ದು ಅಲ್ವಾ, ಏನೂ ಆಗಲ್ಲ ಬಿಡಿ" ಅಂದರೆ ಮಾತು ಅಲ್ಲಿಗೆ ಮುಗಿಯಿತು.

ಆಗುತ್ತೆ. ಹಾಗಂತ ಇದೆಲ್ಲ ಬರೀ ಬೊಗಳೆ ಅಂತಲೂ ಅಲ್ಲ. ಕೆಲವು ವಾಸನೆಗಳಿಂದ ನಾಯಿಗಳು ಸ್ವಲ್ಪ ಸಮಾಧಾನವಾಗುತ್ತವೆ ಅನ್ನುವುದಕ್ಕೆ ಪ್ರಯೋಗಗಳ ಆಧಾರ ಇದೆ. ಆದರೆ ಮುಖ್ಯವಾದ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ಗಾಳಿಯಲ್ಲಿದ್ದ ವಾಸನೆ. ಅದು ಮೂಗಿನಿಂದ ಒಳಗೆ ಹೋಗಿದ್ದು. ಮೈಗೆ ಹಚ್ಚುವುದು, ನೀರಿಗೆ ಬೆರೆಸುವುದು, ಊಟಕ್ಕೆ ಹಾಕುವುದು, ಇವೆಲ್ಲ ನಾವು ಸೇರಿಸಿಕೊಂಡಿದ್ದು. ಅದರಿಂದ ಪ್ರಯೋಜನ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಅಪಾಯ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಬೇಕಾದಷ್ಟಿದೆ.

ಮೊದಲು ಈ ಎಣ್ಣೆ ಏನು ಅಂತ ನೋಡೋಣ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಬೇವಿನ ಎಣ್ಣೆ ಇವೆಲ್ಲ ಗಾಣದಲ್ಲಿ ಹಿಂಡಿ ತೆಗೆಯುವ ಜಿಡ್ಡು. ಬಟ್ಟೆ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಎಸೆನ್ಷಿಯಲ್ ಆಯಿಲ್ ಬೇರೆ ಜಾತಿ. ಹೂವು, ಎಲೆ, ತೊಗಟೆಯನ್ನು ದೊಡ್ಡ ಹಂಡೆಯಲ್ಲಿ ತುಂಬಿ, ಅದರ ಮೂಲಕ ಹಬೆ ಹಾಯಿಸಿ, ಹಬೆಯ ಜೊತೆ ಹಾರಿ ಬಂದಿದ್ದನ್ನು ತಣ್ಣಗೆ ಮಾಡಿದಾಗ ನೀರಿನ ಮೇಲೆ ತೇಲುವ ತೆಳು ಪದರ ಅದು. ಮೈಸೂರಿನಲ್ಲಿ 1916ರಿಂದ ಶ್ರೀಗಂಧದ ಎಣ್ಣೆ ತೆಗೆಯುತ್ತಿದ್ದಾರೆ, ಈಗ ಜಮ್ಮುವಿನ ಭದ್ರವಾ ಕಡೆ ರೈತರು ಲ್ಯಾವೆಂಡರ್ ಬೆಳೆದು ಭಟ್ಟಿ ಇಳಿಸುತ್ತಿದ್ದಾರೆ, ಕೆಲಸದ ರೀತಿ ಹೆಚ್ಚುಕಮ್ಮಿ ಇದೇ. ಒಂದು ಕಿಲೋ ಲ್ಯಾವೆಂಡರ್ ಎಣ್ಣೆಗೆ ನೂರು ಕಿಲೋಗಿಂತ ಜಾಸ್ತಿ ಹೂವು ಬೇಕಾಗುತ್ತದೆ. ಹಾಗಾಗಿ ಹಿತ್ತಲಲ್ಲಿ ನಾಯಿ ಒಂದು ಪುದೀನ ಎಲೆ ಕಚ್ಚುವುದಕ್ಕೂ ಪುದೀನ ಎಣ್ಣೆಯ ಒಂದು ಹನಿ ನೆಕ್ಕುವುದಕ್ಕೂ ಹೋಲಿಕೆಯೇ ಇಲ್ಲ. ಗಿಡದಿಂದ ಬಂದಿದ್ದು ಅನ್ನುವುದು ನಿಜ. ಅಷ್ಟು ಗಟ್ಟಿಯಾಗಿ ಯಾವ ಗಿಡದಲ್ಲೂ ಇರುವುದಿಲ್ಲ ಅನ್ನುವುದೂ ನಿಜ.

ಈಗ ನಾಯಿಯ ಮೂಗು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 60 ಲಕ್ಷ. ನಾಯಿಯಲ್ಲಿ, ತಳಿಯ ಮೇಲೆ ಹೋಗುತ್ತದೆ, 30 ಕೋಟಿಯವರೆಗೂ ಇರುತ್ತದೆ ಅಂತ ಲೆಕ್ಕ. ಅಂದರೆ ನಮಗೆ "ಆಹಾ, ಲೈಟಾಗಿ ಘಮ ಬರ್ತಿದೆ" ಅನ್ನಿಸುವ ಕೋಣೆ ನಾಯಿಗೆ ತಲೆನೋವಿನ ಕೋಣೆ ಆಗಿರಬಹುದು. ಪೂಜೆ ಹೊತ್ತಿಗೆ ಊದುಬತ್ತಿ, ಸಾಂಬ್ರಾಣಿ, ಮೇಲಿಂದ ರೂಂ ಫ್ರೆಶ್ನರ್, ಅದರ ಮೇಲೆ ಎಣ್ಣೆಯ ವಾಸನೆ ಹರಡುವ ಮಷಿನ್ನು, ಡಿಫ್ಯೂಸರ್. ನಾಯಿ ಎದ್ದು ಬಾಲ್ಕನಿಗೆ ಹೋಗಿ ಮಲಗಿದರೆ ಅದು ಸೆಖೆಗೆ ಹೋಗಿದ್ದು ಅಂದುಕೊಳ್ಳುತ್ತೇವೆ.

ಪ್ರಯೋಗಗಳಲ್ಲಿ ಏನು ಕಂಡಿತು? 2005ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೀದಿನಾಯಿ, ಬಿಟ್ಟುಹೋದ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಆಶ್ರಯದಲ್ಲಿ 55 ನಾಯಿಗಳ ಮೇಲೆ ನಾಲ್ಕು ವಾಸನೆ ಪರೀಕ್ಷೆ ಮಾಡಿದರು. ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಹರಡಿದ ದಿನಗಳಲ್ಲಿ ನಾಯಿಗಳು ಜಾಸ್ತಿ ಹೊತ್ತು ಮಲಗಿದ್ದವು, ಓಡಾಟ ಕಮ್ಮಿ. ರೋಸ್‌ಮೆರಿ, ಪೆಪರ್‌ಮಿಂಟ್ ಹರಡಿದಾಗ ಉಲ್ಟಾ: ನಿಲ್ಲುವುದು, ಅತ್ತಿತ್ತ ಹೋಗುವುದು, ಬೊಗಳುವುದು ಜಾಸ್ತಿ. "ಎಸೆನ್ಷಿಯಲ್ ಆಯಿಲ್ ಶಾಂತಿ ಕೊಡುತ್ತೆ" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುವವರು ಇದನ್ನು ಗಮನಿಸಬೇಕು. ಮರುವರ್ಷ ಅದೇ ತಂಡದ ಡೆಬೋರಾ ವೆಲ್ಸ್ ಅವರು ಕಾರು ಹತ್ತಿದರೆ ಹುಚ್ಚೆದ್ದು ಕುಣಿಯುವ 32 ನಾಯಿಗಳನ್ನು ಆರಿಸಿಕೊಂಡರು. ಮೂರು ದಿನ ಸುಮ್ನೆ ಕಾರು, ಮೂರು ದಿನ ಲ್ಯಾವೆಂಡರ್ ವಾಸನೆ ಇರುವ ಕಾರು. ಲ್ಯಾವೆಂಡರ್ ಇದ್ದ ದಿನ ಅವು ಕೂರುವುದು, ಮಲಗುವುದು ಜಾಸ್ತಿಯಾಯಿತು, ಗದ್ದಲ ಕಮ್ಮಿಯಾಯಿತು. ಎರಡರಲ್ಲೂ ನಾಯಿಯ ಮೈಮೇಲೆ ಒಂದು ಹನಿ ಬಿದ್ದಿಲ್ಲ.

ಮೈಗೆ ಹಚ್ಚಿ ನೋಡಿದ್ದೂ ಇದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೀಗಲ್ ನಾಯಿಗಳ ಕಿವಿಯ ಒಳಭಾಗಕ್ಕೆ ಲ್ಯಾವೆಂಡರ್ ಹಚ್ಚಿದಾಗ ಎದೆಬಡಿತ ಒಂದಿಷ್ಟು ಇಳಿಯಿತು. ಆದರೆ ನಾಯಿಗಳು ಬೆರಳೆಣಿಕೆಯಷ್ಟು, ಮತ್ತೆ ಕಿವಿಗೂ ಮೂಗಿಗೂ ಎಷ್ಟು ದೂರ? ಚರ್ಮದಿಂದ ಆಗಿದ್ದೋ ವಾಸನೆಯಿಂದ ಆಗಿದ್ದೋ ಹೇಳುವುದು ಕಷ್ಟ. ಈ ಪ್ರಶ್ನೆಗೆ ಇಲಿಗಳಿಂದ ಒಂದು ಸುಳಿವು ಸಿಕ್ಕಿದೆ. ಲ್ಯಾವೆಂಡರಿನಲ್ಲಿರುವ ಮುಖ್ಯ ರಾಸಾಯನಿಕಗಳಲ್ಲಿ ಒಂದು ಲಿನಲೂಲ್. ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಲಿನಲೂಲ್ ವಾಸನೆ ತೋರಿಸಿದರು, ಇಲಿಗಳ ಭಯ ಕಮ್ಮಿಯಾಯಿತು. ಆಮೇಲೆ ವಾಸನೆಯೇ ಗೊತ್ತಾಗದ ಹಾಗೆ ಮಾಡಿದ ಇಲಿಗಳಿಗೆ ಅದನ್ನೇ ಕೊಟ್ಟರು. ಏನೂ ಆಗಲಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಕೆಲಸ ಮಾಡುವುದಾಗಿದ್ದರೆ ಅವುಗಳ ಮೇಲೂ ಆಗಬೇಕಿತ್ತು. ಅಂದರೆ ಬಾಗಿಲು ಮೂಗೇ. ಇಲಿಯೇ ನಾಯಿ ಅಲ್ಲ, ಒಪ್ಪುತ್ತೇನೆ, ಆದರೆ ಮೈಗೆ ಬಳಿಯುವವರ ವಾದಕ್ಕಂತೂ ಇದು ಬಲ ಕೊಡುವುದಿಲ್ಲ.

ಈ ಪ್ರಯೋಗಗಳನ್ನು ಅತಿಯಾಗಿ ನಂಬುವುದೂ ಬೇಡ. ನಾಯಿಗಳು ಕಮ್ಮಿ, ದಿನಗಳು ಕಮ್ಮಿ, ಅಳೆದಿದ್ದು ಹೊರಗೆ ಕಾಣುವ ನಡತೆ. ಕಾರಿನಲ್ಲಿ ಕುಣಿಯುವ ಉತ್ಸಾಹ ಬೇರೆ, ಲಕ್ಷ್ಮಿ ಪಟಾಕಿ ಸಿಡಿದಾಗ ನಡುಗುವ ಭಯ ಬೇರೆ.

ಇನ್ನು ಮೈಗೆ ಹಚ್ಚಿದರೆ ಏನಾಗುತ್ತೆ ಅನ್ನುವುದು. ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ಈ ಎಣ್ಣೆಗಳ ಕಣ ಚಿಕ್ಕದು, ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಚರ್ಮ ದಾಟಿ ಒಳಗೆ ಹೋಗುವುದು ಸುಲಭ. ಹೋಗದೇ ಉಳಿದಿದ್ದನ್ನು ನಾಯಿ ನೆಕ್ಕುತ್ತದೆ. ಬೆನ್ನಿಗೆ ಹಚ್ಚಿದ್ದು ನಾಲಿಗೆಗೆ ಸಿಗಲ್ಲ ಅಂದುಕೊಂಡರೆ, ಅದು ಸೋಫಾಕ್ಕೆ ಉಜ್ಜಿ ಸೋಫಾ ನೆಕ್ಕುತ್ತದೆ, ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದು ಬಂದು ನೆಕ್ಕುತ್ತದೆ. ಆಮೇಲೆ ತೂಕದ ಲೆಕ್ಕ. 60 ಕಿಲೋ ಮನುಷ್ಯನಿಗೆ ಹತ್ತು ಹನಿ ಹೇಗೋ, 6 ಕಿಲೋ ಪೊಮೆರೇನಿಯನ್‌ಗೆ ಒಂದು ಹನಿ ಹಾಗೆ. ಬಾಟಲಿ ಬಗ್ಗಿಸಿದಾಗ ಮೊದಲ ಹನಿ ನಿಧಾನ ಬರುತ್ತದೆ, ಎರಡು ಮೂರು ನಾಲ್ಕನೆಯದು ಒಟ್ಟಿಗೆ ಬೀಳುತ್ತದೆ, ಬಳಸಿದವರಿಗೆ ಗೊತ್ತು. ನಾಯಿ ಆ ಹೊತ್ತಿಗೆ ಒಮ್ಮೆ ಮೈ ಕೊಡವಿದರೆ ಮುಗಿಯಿತು, ಎಷ್ಟು ಬಿತ್ತು ಅಂತ ದೇವರಿಗೂ ಗೊತ್ತಾಗಲ್ಲ.

ಟೀ ಟ್ರೀ ಆಯಿಲ್ (ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಒಂದು ಮರದ ಎಲೆಯ ಎಣ್ಣೆ) ವಿಷಯದಲ್ಲಿ ಒಳ್ಳೆ ದಾಖಲೆ ಇದೆ. ಅಮೆರಿಕದಲ್ಲಿ ಪ್ರಾಣಿಗಳಿಗೆ ವಿಷ ತಗುಲಿದರೆ ಫೋನ್ ಮಾಡಿ ಕೇಳುವ ಒಂದು ಕೇಂದ್ರ ಇದೆ, ಎಎಸ್‌ಪಿಸಿಎ ಅನ್ನುವ ಪ್ರಾಣಿದಯಾ ಸಂಸ್ಥೆ ನಡೆಸುವುದು. 2002ರಿಂದ 2012ರವರೆಗೆ ಅಲ್ಲಿಗೆ ಬಂದ ಕೇಸುಗಳನ್ನು ತೆಗೆದು ನೋಡಿದರೆ, ನೀರು ಬೆರೆಸದ ಅಪ್ಪಟ ಟೀ ಟ್ರೀ ಎಣ್ಣೆ ತಗುಲಿದ ಪ್ರಾಣಿಗಳು 443. ಅದರಲ್ಲಿ ನಾಯಿ 337, ಬೆಕ್ಕು 106. ಜೊಲ್ಲು ಸುರಿಸುವುದು, ಮಂಕಾಗುವುದು, ಕಾಲಿನಲ್ಲಿ ಬಲ ಇಲ್ಲದೆ ತೂರಾಡುವುದು, ನಡುಕ. ಈ ಅಂಕಿಗಳಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಇದು: ನೂರಕ್ಕೆ 89 ಕೇಸಿನಲ್ಲಿ ಎಣ್ಣೆ ಅಕಸ್ಮಾತ್ ಚೆಲ್ಲಿದ್ದಲ್ಲ. ಒಳ್ಳೆಯದಾಗಲಿ ಅಂತ ಸಾಕಿದವರೇ ಬಳಸಿದ್ದು. ತುರಿಕೆಗೆ, ಚಿಗಟಕ್ಕೆ, ಗಾಯಕ್ಕೆ.

ಇದಕ್ಕಿಂತ ಹಳೆಯದು 1992ರಲ್ಲಿ ವರದಿಯಾದ ಒಂದು ನಾಯಿಯ ಕಥೆ. ಪೆನಿರಾಯಲ್ ಅನ್ನುವುದು ಪುದೀನ ಜಾತಿಯ ಗಿಡ, ಚಿಗಟ ಓಡಿಸುತ್ತದೆ ಅಂತ ಪಾಶ್ಚಾತ್ಯ ದೇಶಗಳಲ್ಲಿ ಹಿಂದಿನಿಂದ ನಂಬಿಕೆ. ಮನೆಯವರು ಅದರ ಎಣ್ಣೆಯನ್ನು ನಾಯಿಯ ಮೈಗೆ ಹಚ್ಚಿದರು. ಗಂಟೆಯೊಳಗೆ ಅದು ಮಂಕಾಯಿತು, ಆಮೇಲೆ ವಾಂತಿ ಶುರುವಾಯಿತು, ಒಂದೆರಡು ದಿನದೊಳಗೆ ಸತ್ತೇಹೋಯಿತು. ಆ ಎಣ್ಣೆಯಲ್ಲಿರುವ ಪುಲೆಗೋನ್ ಅನ್ನುವ ಪದಾರ್ಥ ಲಿವರ್ ಹಾಳುಮಾಡಿತ್ತು.

ನಮ್ಮ ಕಡೆ ಪೆನಿರಾಯಲ್ ಯಾರೂ ತರುವುದಿಲ್ಲ, ಸರಿ. ಆದರೆ ಊಟಿಗೆ ಹೋದವರು ಏನು ತರುತ್ತಾರೆ? ಚಾಕೊಲೇಟ್, ಟೀ ಪುಡಿ, ಆಮೇಲೆ ಎಣ್ಣೆ ಬಾಟಲಿಗಳು. ನೀಲಗಿರಿ ಎಣ್ಣೆ ಇರುತ್ತದೆ, ಸಿಟ್ರೊನೆಲ್ಲಾ ಇರುತ್ತದೆ, ಮಂಡಿನೋವಿಗೆ ಅಂತ ವಿಂಟರ್‌ಗ್ರೀನ್ ಇರುತ್ತದೆ. ಈ ವಿಂಟರ್‌ಗ್ರೀನ್ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ಹತ್ತಿರದ ನೆಂಟ. ಒಂದು ಟೀ ಚಮಚ, ಅಂದರೆ 5 ಮಿಲಿ, ದೊಡ್ಡವರು ನುಂಗುವ 325 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆ ಇಪ್ಪತ್ತಕ್ಕೂ ಜಾಸ್ತಿ ತಿಂದ ಹಾಗೆ. ವಯಸ್ಸಾದ ಲ್ಯಾಬ್ರಡಾರ್ ಕುಂಟುತ್ತಿದೆ ಪಾಪ ಅಂತ ಅಜ್ಜಿಯ ಎಣ್ಣೆಯನ್ನೇ ಅದರ ಕಾಲಿಗೂ ತಿಕ್ಕುವವರಿದ್ದಾರೆ. ಅದು ಅಲ್ಲೇ ಕೂತು ಕಾಲು ನೆಕ್ಕುತ್ತದೆ. ಹೊಟ್ಟೆಯಲ್ಲಿ ಹುಣ್ಣು, ರಕ್ತವಾಂತಿ ಆದರೆ ಯಾರೂ ಆ ಬಾಟಲಿಯ ಕಡೆ ನೋಡುವುದಿಲ್ಲ. ನೀಲಗಿರಿ ಎಣ್ಣೆಯಲ್ಲಿ ಜಾಸ್ತಿ ಇರುವುದು ಸಿನಿಯೋಲ್, ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲದು. ಕರ್ಪೂರವೂ ಅಷ್ಟೇ. ಉಣುಗು ಹಿಡಿದಿದೆ ಅಂತ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿಮಾಡಿ ಹಾಕಿ ಬಿಸಿಮಾಡಿ ಹಚ್ಚುವ ಮನೆಮದ್ದು ನಮ್ಮಲ್ಲಿ ಎಲ್ಲ ಕಡೆ ಇದೆ. ನೆಗಡಿಗೆ ಹಚ್ಚುವ ಮುಲಾಮುಗಳಲ್ಲೂ ಕರ್ಪೂರ, ಮೆಂತಾಲ್, ನೀಲಗಿರಿ ಎಣ್ಣೆ ಮೂರೂ ಒಟ್ಟಿಗೆ ಇರುತ್ತವೆ. ನಾಯಿಗೆ ಇವು ಯಾವುದೂ ಬೇಡ. ಲವಂಗ, ದಾಲ್ಚಿನ್ನಿ ಎಣ್ಣೆ ಕೂಡ ಚರ್ಮ ಸುಡುತ್ತದೆ, ಲಿವರಿಗೂ ಒಳ್ಳೆಯದಲ್ಲ. ಉಣುಗಿಗೆ ಪಶುವೈದ್ಯರ ಹತ್ತಿರ ತೂಕ ನೋಡಿ ಕೊಡುವ ಮಾತ್ರೆ, ಹನಿಮದ್ದು ಇದೆ. ಟಿಕ್ ಫೀವರ್ ಬಂದ ಮೇಲೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೂ ಬಿಗಿಯಾಗಿರಬೇಕು. ಇಂಥ ಪದಾರ್ಥಗಳನ್ನು ಹೊರಹಾಕಲು ಲಿವರಿಗೆ ಬೇಕಾದ ಒಂದು ಮುಖ್ಯ ಕಿಣ್ವ ಬೆಕ್ಕಿನಲ್ಲಿ ಸರಿಯಾಗಿ ಕೆಲಸವೇ ಮಾಡುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಎಣ್ಣೆ ಹಚ್ಚಿದ ಅರ್ಧ ಗಂಟೆಗೆ ನಾಯಿ ಒಂದು ಮೂಲೆಯಲ್ಲಿ ಮಲಗಿತು, ಕರೆದರೂ ಏಳುತ್ತಿಲ್ಲ, ಊಟದ ತಟ್ಟೆ ಸದ್ದಿಗೂ ತಲೆ ಎತ್ತಲಿಲ್ಲ. "ನೋಡಿ, ಎಷ್ಟು ಶಾಂತವಾಗಿದೆ" ಅಂತ ಖುಷಿಪಡುತ್ತೇವೆ. ಆದರೆ ಮೇಲೆ ಹೇಳಿದ ವಿಷದ ಲಕ್ಷಣಗಳಲ್ಲಿ ಮಂಕಾಗುವುದೂ ಒಂದು. ಶಾಂತವಾದ ನಾಯಿಗೆ ಮೈ ಸಡಿಲವಾಗಿರುತ್ತದೆ, ಕಿವಿ ಆಡುತ್ತಿರುತ್ತದೆ, ಹೆಸರು ಕರೆದರೆ ಕಣ್ಣಾದರೂ ಬಿಡುತ್ತದೆ, ಎಬ್ಬಿಸಿದರೆ ನೆಟ್ಟಗೆ ನಡೆಯುತ್ತದೆ. ವಿಷದಿಂದ ಮಂಕಾದ ನಾಯಿ ಎದ್ದರೆ ಹಿಂಗಾಲು ಜಾರುತ್ತದೆ, ಬಾಯಲ್ಲಿ ಜೊಲ್ಲು, ಕೆಲವೊಮ್ಮೆ ಮೈ ತಣ್ಣಗೆ. ಅನುಮಾನ ಬಂದರೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ತೂರಾಡಿದರೆ ಗೊತ್ತಾಗಿಬಿಡುತ್ತೆ, ಆದರೆ ನೆಟ್ಟಗೆ ನಡೆದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಲ್ಯಾವೆಂಡರ್ ಪ್ರಯತ್ನ ಮಾಡಬೇಕು ಅಂದರೆ ಮಾಡಿ, ನಾನು ಬೇಡ ಅನ್ನುವುದಿಲ್ಲ. ಹೀಗೆ ಮಾಡಿ. ಬಾಟಲಿ ಮೇಲೆ ಗಿಡದ ಹೆಸರು ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಅಂತ ಇದೆಯಾ ನೋಡಿ. ಬರೀ "ಲ್ಯಾವೆಂಡರ್ ಫ್ರಾಗ್ರೆನ್ಸ್" ಅಂತಿದ್ದರೆ ಅದು ಕಾರ್ಖಾನೆಯ ಸೆಂಟು. ಒಂದು ಹಳೇ ಕರ್ಚೀಫಿಗೆ ಒಂದು ಹನಿ ಹಾಕಿ ಹತ್ತು ನಿಮಿಷ ಹೊರಗೆ ಆರಲು ಬಿಡಿ. ಆಮೇಲೆ ನಾಯಿ ಇರುವ ಕೋಣೆಯಲ್ಲಿ, ಅದರ ಬಾಯಿಗೆ ಸಿಗದ ಎತ್ತರದಲ್ಲಿ ಇಡಿ, ಬಾಗಿಲು ತೆರೆದಿರಲಿ. ಈಗ ಸುಮ್ನೆ ಕೂತು ನೋಡಿ. ಅದು ಮೂಗು ಎತ್ತಿ ಎರಡು ಸಲ ಮೂಸಿ ಅಲ್ಲೇ ಮಲಗಿದರೆ ಒಪ್ಪಿಗೆ. ಮುಖ ಆಚೆ ತಿರುಗಿಸಿತು, ತುಟಿ ನೆಕ್ಕಿಕೊಂಡಿತು, ಸೀನಿತು, ನಿದ್ದೆ ಬರದ ಹೊತ್ತಲ್ಲಿ ಆಕಳಿಸಿತು, ಎದ್ದು ಹೊರಗೆ ಹೋಯಿತು ಅಂದರೆ ಬೇಡ ಅಂತ ಹೇಳುತ್ತಿದೆ. ಕರ್ಚೀಫ್ ತೆಗೆದುಬಿಡಿ. ಬಾಗಿಲು ಹಾಕಿ, ಪಂಜರದಲ್ಲಿ ಕೂರಿಸಿ, ಕಾಲರಿಗೆ ಹನಿ ಹಾಕಿ ವಾಸನೆ ಕೊಡುವುದು ಸರಿಯಲ್ಲ, ತಪ್ಪಿಸಿಕೊಳ್ಳುವುದಕ್ಕೆ ಅದಕ್ಕೆ ದಾರಿಯೇ ಇರುವುದಿಲ್ಲ.

ಡಿಫ್ಯೂಸರ್ ಬಗ್ಗೆ: ನೀರಿನ ಮಂಜು ಉಗುಳುವ ಮಷಿನ್ನುಗಳು ಬರೀ ವಾಸನೆ ಕೊಡುವುದಿಲ್ಲ, ಎಣ್ಣೆಯ ಸಣ್ಣ ಹನಿಗಳನ್ನೂ ಹಾರಿಸುತ್ತವೆ. ಅವು ನೆಲಕ್ಕೆ, ಹಾಸಿಗೆಗೆ, ನಾಯಿಯ ಕೂದಲಿಗೆ ಕೂರುತ್ತವೆ, ಮತ್ತೆ ನೆಕ್ಕುವ ಕಥೆ. ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯ ನಾಯಿಗಳು ಮೊದಲೇ ಗೊರಗೊರ ಉಸಿರಾಡುತ್ತಿರುತ್ತವೆ, ಅವಕ್ಕೆ ಇದು ಬೇಡವೇ ಬೇಡ. ಮರಿಗಳಿಗೆ, ಗಬ್ಬದ ನಾಯಿಗೆ, ಫಿಟ್ಸ್ ಬರುವ ನಾಯಿಗೆ ಕರ್ಚೀಫೂ ಬೇಡ.

ಇನ್ನೊಂದು ಚೂರು ತಲೆ ಓಡಿಸಬೇಕು ಇಲ್ಲಿ. ಪಟಾಕಿ ಶುರುವಾದಾಗ ಮಾತ್ರ ಲ್ಯಾವೆಂಡರ್ ಬಾಟಲಿ ತೆಗೆದರೆ ನಾಯಿ ಏನು ಕಲಿಯುತ್ತದೆ? ಈ ವಾಸನೆ ಬಂತು ಅಂದರೆ ಢಮ್ ಅನ್ನುತ್ತೆ ಅಂತ ಕಲಿಯುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೊವ್ ಅವರ ನಾಯಿಗಳಿಂದ ನಮಗೆ ಗೊತ್ತಾದ ವಿಷಯವೇ ಇದು. ಮುಂದಿನ ವರ್ಷ ವಾಸನೆಗೇ ನಡುಗಬಹುದು. ಹಾಗಾಗಿ ಹಬ್ಬಕ್ಕೆ ಕೆಲವು ವಾರ ಮೊದಲೇ ಶುರುಮಾಡಿ. ಮಧ್ಯಾಹ್ನ ಊಟ ಆಗಿ ನಾಯಿ ತಾನಾಗೇ ಮಲಗುವ ಹೊತ್ತಿಗೆ ಆ ಕರ್ಚೀಫ್ ಇಡಿ. ವಾಸನೆ ಅಂದರೆ ಹೊಟ್ಟೆ ತುಂಬಿದ ನಿದ್ದೆ ಅಂತ ಅದರ ತಲೆಯಲ್ಲಿ ಕೂತ ಮೇಲೆ ಹಬ್ಬದ ದಿನ ತೆಗೆಯಿರಿ. ನಿಜ ಹೇಳಬೇಕೆಂದರೆ ಈ ರೀತಿಯಲ್ಲಿ ಲ್ಯಾವೆಂಡರೇ ಆಗಬೇಕು ಅಂತೇನೂ ಇಲ್ಲ, ನೀವು ಎರಡು ದಿನ ಹಾಕಿದ ಹಳೇ ಟೀ ಶರ್ಟೂ ಚೆನ್ನಾಗಿ ಕೆಲಸ ಮಾಡಬಹುದು, ಮತ್ತೆ ಅದು ಪುಕ್ಕಟೆ.

ಮಾರುವವರ ಮಾತು ಬೇರೆಯೇ ಇರುತ್ತದೆ. "ಥೆರಪ್ಯೂಟಿಕ್ ಗ್ರೇಡ್" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ಸರ್ಕಾರಿ ಸಂಸ್ಥೆಯೂ ಅಂಥ ದರ್ಜೆ ಕೊಡುವುದಿಲ್ಲ, ಕಂಪನಿಗಳು ತಮಗೆ ತಾವೇ ಕೊಟ್ಟುಕೊಂಡ ಬಿರುದು ಅದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ದೊಡ್ಡ ಎಣ್ಣೆ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು, ಅವರ ಏಜೆಂಟರು ಈ ಎಣ್ಣೆಗಳು ಎಬೋಲಾಕ್ಕೂ ಮದ್ದು ಅಂತ ಪ್ರಚಾರ ಮಾಡುತ್ತಿದ್ದರು. ಮನುಷ್ಯರ ಎಬೋಲಾಕ್ಕೇ ಹೀಗೆ ಹೇಳುವವರು ನಾಯಿಯ ಭಯಕ್ಕೆ ಏನು ಹೇಳಲಿಕ್ಕಿಲ್ಲ? ಇನ್ನು ಬಾಟಲಿ ಹಳೆಯದಾದರೆ ಗಾಳಿ ತಾಗಿ ಲಿನಲೂಲ್ ಬದಲಾಗುತ್ತದೆ, ಅದರಿಂದ ಚರ್ಮಕ್ಕೆ ಅಲರ್ಜಿ ಜಾಸ್ತಿ. ಮೂರು ವರ್ಷದ ಹಿಂದಿನ ಬಾಟಲಿ ಇದ್ದರೆ ಎಸೆಯಿರಿ.

ಪಟಾಕಿಯ ಭಯ ಜೋರಾಗಿರುವ ನಾಯಿಗೆ, ಅಂದರೆ ಗೋಡೆ ಕೆರೆಯುವ, ಗೇಟು ಹಾರಿ ಓಡಿಹೋಗುವ ಥರದ್ದಕ್ಕೆ, ಯಾವ ವಾಸನೆಯೂ ಸಾಲುವುದಿಲ್ಲ. ಕಿಟಕಿ ಮುಚ್ಚಿದ ಒಳಕೋಣೆ, ಫ್ಯಾನು, ಟಿವಿ ಸದ್ದು, ಮಂಚದ ಕೆಳಗೆ ಹೋದರೆ ಎಳೆಯದೆ ಅಲ್ಲೇ ಬಿಡುವುದು, ಸಂಜೆ ಆಗುವ ಮೊದಲೇ ಹೊರಗೆ ಕರೆದುಕೊಂಡು ಹೋಗಿ ಬಂದುಬಿಡುವುದು, ಇವು ಮೊದಲು. ಆಮೇಲೆ ಡಾಕ್ಟರ್. ಭಯವನ್ನೇ ಕಮ್ಮಿ ಮಾಡುವ ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದ ಔಷಧಿಗಳನ್ನು ಅವರು ತೂಕ, ಲಿವರ್, ಕಿಡ್ನಿ ನೋಡಿ ಬರೆದುಕೊಡುತ್ತಾರೆ. ಹಬ್ಬದ ಸಂಜೆ ಏಳು ಗಂಟೆಗೆ ಫೋನ್ ಮಾಡಿದರೆ ಆಗಲ್ಲ, ವಾರ ಮೊದಲೇ ಹೋಗಿ, ಒಂದು ಸಲ ಕೊಟ್ಟು ನೋಡಿರಬೇಕು. ಹಿಂದೆ ಅಸಿಪ್ರೊಮಜೈನ್ ಅನ್ನುವುದನ್ನು ಜಾಸ್ತಿ ಕೊಡುತ್ತಿದ್ದರು. ಅದನ್ನೊಂದನ್ನೇ ಕೊಟ್ಟರೆ ಮೈ ಅಲ್ಲಾಡುವುದಿಲ್ಲ, ಒಳಗೆ ಭಯ ಹಾಗೇ ಇರುತ್ತದೆ, ಅದಕ್ಕೇ ಈಗ ಪಟಾಕಿ ಭಯಕ್ಕೆ ಬರೀ ಅದನ್ನು ಕೊಡಬೇಡಿ ಅಂತಾರೆ.

ಕೊನೆಗೆ, ಎಣ್ಣೆ ಮೈಮೇಲೆ ಬಿದ್ದೇಬಿಟ್ಟರೆ ಏನು ಮಾಡಬೇಕು. ಬರೀ ನೀರಿಗೆ ಅದು ಹೋಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಹಾಕಿ, ಉಗುರುಬೆಚ್ಚನೆ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ, ಕಣ್ಣಿಗೆ ಹೋಗದ ಹಾಗೆ. ಒರೆಸಿ ಬೆಚ್ಚಗಿಡಿ, ನೆಕ್ಕಲು ಬಿಡಬೇಡಿ. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಈ ಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ನೇರ ಪಶುವೈದ್ಯರ ಹತ್ತಿರ ಹೋಗಿ, ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ಹೋಗಿ, ಯಾವ ಎಣ್ಣೆ, ಎಷ್ಟು, ಎಷ್ಟು ಹೊತ್ತಿಗೆ ಅಂತ ಮುಚ್ಚಿಡದೆ ಹೇಳಿ. ಟೀ ಟ್ರೀ ಎಣ್ಣೆಯ ಲಕ್ಷಣಗಳು 2ರಿಂದ 12 ಗಂಟೆಯೊಳಗೆ ಯಾವಾಗ ಬೇಕಾದರೂ ಕಾಣಿಸಬಹುದು, 3 ದಿನದವರೆಗೂ ಇರಬಹುದು. ಸಂಜೆ ಹಚ್ಚಿದ್ದಕ್ಕೆ ನಾಯಿ ರಾತ್ರಿ ಊಟದ ಹೊತ್ತಿಗೆ ಚೆನ್ನಾಗೇ ಇದೆ ಅಂತ ಡಾಕ್ಟರಿಗೆ ಫೋನ್ ಮಾಡುವುದನ್ನು ಬೆಳಿಗ್ಗೆಗೆ ಮುಂದೂಡಬೇಡಿ.